ಮೇಲ್ ಸರ್ವರ್ ಬದಲಾಯಿತು, ಎನ್‌ಕ್ವೈರಿ ಎಲ್ಲಿ ಹೋಯ್ತು?

ಪೀಣ್ಯದಂಥ ಕಡೆ ಸಣ್ಣ ಕಾರ್ಖಾನೆಗಳಲ್ಲಿ ಈಗಲೂ ಇದೇ ರೂಢಿ. ವೆಬ್‌ಸೈಟ್ ಮಾಡಿಕೊಟ್ಟವರೇ ಅದೇ ಹೋಸ್ಟಿಂಗ್‌ನಲ್ಲಿ ಹತ್ತಿಪ್ಪತ್ತು ಮೇಲ್ ಐಡಿ ಮಾಡಿಕೊಟ್ಟಿರುತ್ತಾರೆ. ವರ್ಷಗಟ್ಟಲೆ ಅದರಲ್ಲೇ ವ್ಯವಹಾರ ನಡೆಯುತ್ತದೆ. ಒಂದು ದಿನ ಮೇಲ್‌ಬಾಕ್ಸ್ ತುಂಬುತ್ತದೆ, ಇಲ್ಲವೇ ಕಳಿಸಿದ ಕೊಟೇಶನ್‌ಗಳೆಲ್ಲ ಗಿರಾಕಿಯ ಸ್ಪ್ಯಾಮ್‌ಗೆ ಬೀಳುತ್ತವೆ. ಆಗ ಮಾಲೀಕರಿಗೆ ಗೂಗಲ್ ವರ್ಕ್‌ಸ್ಪೇಸ್, ಮೈಕ್ರೋಸಾಫ್ಟ್ 365ನಂಥ ಪ್ರತ್ಯೇಕ ಮೇಲ್ ಸೇವೆಗೆ ಹೋಗುವ ಮನಸ್ಸಾಗುತ್ತದೆ.

ಹಳೆ ಮೇಲ್ ಕಾಪಿ ಮಾಡುವುದು ಅಂಥ ದೊಡ್ಡ ವಿಷಯ ಅಲ್ಲ. ಐಮ್ಯಾಪ್‌ಸಿಂಕ್‌ನಂಥ ಟೂಲ್ ಹಚ್ಚಿಟ್ಟರೆ ಅದರ ಪಾಡಿಗೆ ಅದು ಮಾಡುತ್ತದೆ. ಎಂಎಕ್ಸ್ ರೆಕಾರ್ಡ್ (ಡೊಮೇನ್‌ಗೆ ಬರುವ ಮೇಲ್ ಯಾವ ಸರ್ವರ್‌ಗೆ ಹೋಗಬೇಕು ಅಂತ ಹೇಳುವ ನಮೂದು) ಬದಲಿಸಿದ ಮೇಲೂ ಹಳೆ ಸರ್ವರ್ ತಾನೇ ಯಜಮಾನ ಅಂದುಕೊಂಡಿರುತ್ತದಲ್ಲ, ತಲೆನೋವು ಇರುವುದು ಅಲ್ಲಿ.

ನಾನು ಮತ್ತೆ ಮತ್ತೆ ನೋಡುವ ಕೇಸ್ ಇದು. "ಸರ್, ಮೇಲ್ ಬರ್ತಿಲ್ಲ" ಅಂತ ಫೋನ್. ನನ್ನ ಜಿಮೇಲ್‌ನಿಂದ ಒಂದು ಕಳಿಸಿ ನೋಡುತ್ತೇನೆ, ಥಟ್ಟನೆ ತಲುಪುತ್ತದೆ. ಹಾಗಾದರೆ ಕೇಳಬೇಕಾದ್ದು ಒಂದೇ: ಯಾರು ಕಳಿಸಿದ್ದು ಬರಲಿಲ್ಲ? ವಿಚಾರಿಸುತ್ತಾ ಹೋದರೆ, ವೆಬ್‌ಸೈಟ್‌ನ ಎನ್‌ಕ್ವೈರಿ ಫಾರಂನಿಂದ ಬರಬೇಕಾದ ಮೇಲ್‌ಗಳು ಮಾತ್ರ ನಾಪತ್ತೆ. ಬೌನ್ಸ್ (ತಲುಪಲಿಲ್ಲ ಅಂತ ವಾಪಸ್ ಬರುವ ಮೇಲ್) ಇಲ್ಲ, ಎರರ್ ಇಲ್ಲ.

ಆಗುವುದಿಷ್ಟೇ. ಫಾರಂ ಇರುವುದು ಹಳೆ ಹೋಸ್ಟಿಂಗ್ ಸರ್ವರ್‌ನಲ್ಲಿ. ಸೇಲ್ಸ್ ಐಡಿಗೆ ಮೇಲ್ ಕಳಿಸು ಅಂದಾಗ ಅದು ಎಂಎಕ್ಸ್ ಕಡೆ ತಿರುಗಿಯೂ ನೋಡುವುದಿಲ್ಲ. ಈ ಡೊಮೇನ್ ನನ್ನದೇ ಅಲ್ವಾ ಅಂತ ತನ್ನೊಳಗಿನ ಹಳೆ ಮೇಲ್‌ಬಾಕ್ಸ್‌ಗೇ ಹಾಕಿಕೊಳ್ಳುತ್ತದೆ. ಆ ಮೇಲ್‌ಬಾಕ್ಸನ್ನು ಈಗ ಯಾರೂ ತೆರೆಯುವುದಿಲ್ಲ. ಅದೇ ಸರ್ವರ್‌ನಲ್ಲಿ ನಿಮ್ಮ ಸಪ್ಲೈಯರ್ ಯಾರದ್ದಾದರೂ ಡೊಮೇನ್ ಇದ್ದರೆ ಅವರ ಮೇಲ್‌ಗೂ ಇದೇ ಗತಿ. ಹೋಸ್ಟಿಂಗ್ ನಿಭಾಯಿಸುವ ಸಿಪ್ಯಾನೆಲ್‌ನಲ್ಲಿ ಇಮೇಲ್ ರೂಟಿಂಗ್ ಅಂತ ಒಂದು ಸೆಟ್ಟಿಂಗ್ ಇದೆ. ಅಲ್ಲಿ ಲೋಕಲ್ ಅಂತಿರುವುದನ್ನು ರಿಮೋಟ್ ಮಾಡಿದರೆ ಮುಗಿಯಿತು. ಒಂದು ಕ್ಲಿಕ್‌ನ ಕೆಲಸ. ಆದರೆ ತಿಂಗಳ ಮೇಲೆ ಗೊತ್ತಾದರೆ, ಅಷ್ಟರಲ್ಲಿ ಗಿರಾಕಿ ಬೇರೆ ಕಡೆ ಆರ್ಡರ್ ಕೊಟ್ಟಿರುತ್ತಾನೆ.

ಇದರಿಂದಲೇ ನನ್ನದೊಂದು ಪಕ್ಕಾ ಅಭಿಪ್ರಾಯ: ಬಂದ್ ಆದ ಸರ್ವರ್‌ಗಿಂತ ತಪ್ಪು ಉತ್ತರ ಕೊಡುವ ಸರ್ವರ್‌ನಿಂದ ನಷ್ಟ ಜಾಸ್ತಿ. ಸರ್ವರ್ ಸಿಗದಿದ್ದರೆ ಕಳಿಸುವ ಕಡೆಯವರು ಮೇಲನ್ನು ಕ್ಯೂನಲ್ಲಿಟ್ಟುಕೊಂಡು ಮತ್ತೆ ಮತ್ತೆ ಪ್ರಯತ್ನಿಸುತ್ತಾರೆ, ಸಾಮಾನ್ಯವಾಗಿ ನಾಲ್ಕೈದು ದಿನ. ಸರ್ವರ್‌ನ ಉತ್ತರದಲ್ಲಿ 4ರಿಂದ ಶುರುವಾಗುವ ಕೋಡ್ ಬಂದರೂ ಹಾಗೆಯೇ. 5ರಿಂದ ಶುರುವಾದರೆ ಕಥೆ ಅಲ್ಲಿಗೇ ಮುಗಿಯಿತು. ಹೊಸ ಕಡೆ ಐಡಿಗಳನ್ನು ಮಾಡುವ ಮೊದಲೇ ಎಂಎಕ್ಸ್ ತಿರುಗಿಸಿದರೆ, 'ಇಂಥ ಯೂಸರ್ ಇಲ್ಲ' ಅಂತ 550 ಹೋಗುತ್ತದೆ. ಎಲ್ಲ ಐಡಿ, ಗ್ರೂಪ್, ಫಾರ್ವರ್ಡ್ ಸಿದ್ಧವಾದ ಮೇಲೇ ಎಂಎಕ್ಸ್ ಮುಟ್ಟಬೇಕು. ಟಿಟಿಎಲ್ (ಹಳೆ ರೆಕಾರ್ಡನ್ನು ಬೇರೆ ಸರ್ವರ್‌ಗಳು ನೆನಪಿಟ್ಟುಕೊಳ್ಳುವ ಅವಧಿ) ಹಿಂದಿನ ದಿನವೇ 300 ಸೆಕೆಂಡಿಗೆ ಇಳಿಸಿಡಿ. ಸಿಪ್ಯಾನೆಲ್‌ನಲ್ಲಿ ಸಾಮಾನ್ಯವಾಗಿ ಅದು 14400, ಅಂದರೆ ನಾಲ್ಕು ಗಂಟೆ.

ಎರಡನೇ ಹಳೆ ಪೀಡೆ ಎಸ್‌ಪಿಎಫ್, ಅಂದರೆ ನಿಮ್ಮ ಡೊಮೇನ್ ಹೆಸರಲ್ಲಿ ಯಾವ ಸರ್ವರ್‌ಗಳು ಮೇಲ್ ಕಳಿಸಬಹುದು ಅನ್ನುವ ಪಟ್ಟಿ. ಹಳೆ ರೆಕಾರ್ಡ್ ಹಾಗೇ ಬಿಟ್ಟು, ಕೆಳಗೆ ಹೊಸ ಕಂಪನಿಯದ್ದನ್ನು ಸೇರಿಸುತ್ತಾರೆ. ಒಂದು ಡೊಮೇನ್‌ಗೆ ಒಂದೇ ಎಸ್‌ಪಿಎಫ್ ಇರಬೇಕು. ಗೇಟಿನ ವಾಚ್‌ಮನ್ ಕೈಗೆ ಬೇರೆ ಬೇರೆ ಹೆಸರಿನ ಎರಡು ಪಟ್ಟಿ ಕೊಟ್ಟರೆ ಅವನು ಏನು ಮಾಡಬೇಕು? ಎರಡು ಕಂಡ ಕೂಡಲೇ ಎಸ್‌ಪಿಎಫ್ ಪೂರ್ತಿ ಫೇಲ್. 2024ರ ಫೆಬ್ರವರಿಯಿಂದ ಜಿಮೇಲ್ ಎಲ್ಲರಿಂದಲೂ ಎಸ್‌ಪಿಎಫ್ ಅಥವಾ ಡಿಕಿಮ್ (ಮೇಲ್‌ಗೆ ಹಾಕುವ ಡಿಜಿಟಲ್ ಸಹಿ) ಕೇಳುತ್ತದೆ. ಬೌನ್ಸ್‌ನಲ್ಲಿ 5.7.26 ಕಂಡರೆ ಸೀದಾ ಇಲ್ಲಿಗೇ ಬನ್ನಿ. ಬೌನ್ಸ್ ಮೇಲನ್ನು ಪೂರ್ತಿ ಫಾರ್ವರ್ಡ್ ಮಾಡಿ ಅಂತ ಎಷ್ಟು ಹೇಳಿದರೂ, ಮೇಲಿನ ಎರಡು ಸಾಲಿನ ಫೋಟೋ ವಾಟ್ಸಾಪ್‌ನಲ್ಲಿ ಬರುತ್ತದೆ. ಬೇಕಾದ ಕೋಡ್ ಇರುವುದು ಕೆಳಗೆ!

ಅಕೌಂಟ್ಸ್‌ನವರ ಕಂಪ್ಯೂಟರ್ ಬಗ್ಗೆಯೂ ಹುಷಾರು. ಅಲ್ಲಿ ಪಾಪ್ ಸೆಟ್ಟಿಂಗ್ (ಮೇಲನ್ನು ಕಂಪ್ಯೂಟರ್‌ಗೇ ಇಳಿಸಿಕೊಳ್ಳುವ ವಿಧಾನ) ಇದ್ದರೆ, ಸರ್ವರ್‌ನಲ್ಲಿ ಮೇಲ್ ಉಳಿದೇ ಇರದೆ ಎಲ್ಲ ಆ ಕಂಪ್ಯೂಟರ್‌ನ ಔಟ್‌ಲುಕ್‌ನ ಒಂದು ಪಿಎಸ್‌ಟಿ ಫೈಲ್‌ನಲ್ಲಿ ಇರಬಹುದು. ಸರ್ವರ್‌ನಿಂದ ಕಾಪಿ ಮಾಡಿದರೆ ಖಾಲಿ ಡಬ್ಬ ಸಿಗುತ್ತದೆ. ಪ್ರತಿ ಮೇಜಿಗೂ ಹೋಗಿ ನೋಡುವುದೇ ದಾರಿ. ಹಾಗೇ ಜೆರಾಕ್ಸ್ ಮೆಷಿನ್ ಸ್ಕ್ಯಾನ್ ಮಾಡಿ ಯಾವ ಐಡಿಯಿಂದ ಕಳಿಸುತ್ತದೆ, ಟ್ಯಾಲಿಯಿಂದ ಇನ್‌ವಾಯ್ಸ್ ಹೇಗೆ ಹೋಗುತ್ತದೆ ಅಂತಲೂ ಬರೆದುಕೊಳ್ಳಿ.

ಎಲ್ಲ ಕಾಪಿ ಆದ ಮೇಲೆ ಹಳೆ ಮೇಲ್‌ಬಾಕ್ಸ್‌ಗಳನ್ನು ಅಳಿಸಬೇಡಿ, ಪಾಸ್‌ವರ್ಡ್ ಬದಲಿಸಿ. ಇನ್ನೂ ಅದನ್ನೇ ಬಳಸುತ್ತಿರುವವರು ತಾವಾಗಿಯೇ ಫೋನ್ ಮಾಡುತ್ತಾರೆ. ನೀವೂ ಎರಡು ವಾರ ಆ ಇನ್‌ಬಾಕ್ಸ್‌ಗಳಲ್ಲಿ ಹೊಸ ಮೇಲ್ ಬಿದ್ದಿದೆಯಾ ನೋಡುತ್ತಿರಿ. ಮೇಲ್ ಹೇಗೂ ಹೋಯ್ತಲ್ಲ ಅಂತ ಹೋಸ್ಟಿಂಗ್ ರಿನ್ಯೂ ಮಾಡದೆ ಬಿಡುವ ಮುಂಚೆ, ಡೊಮೇನ್‌ನ ನೇಮ್‌ಸರ್ವರ್ (ಎಂಎಕ್ಸ್‌ನಂಥ ರೆಕಾರ್ಡ್‌ಗಳನ್ನು ಇಟ್ಟುಕೊಂಡಿರುವ ಸರ್ವರ್) ಎಲ್ಲಿದೆ ಅಂತ ನೋಡಿ. ಅದೂ ಅಲ್ಲೇ ಇದ್ದರೆ ವೆಬ್‌ಸೈಟ್ ಜೊತೆಗೆ ಹೊಸ ಎಂಎಕ್ಸ್ ರೆಕಾರ್ಡೂ ಮಾಯವಾಗುತ್ತದೆ.