‘ಹೇಗೂ ಸಿಗುತ್ತಿರಲಿಲ್ಲ’ ಎಂಬ ವಾದ ಮತ್ತು ಟಸ್ಕೀಗಿಯ ನಲವತ್ತು ವರ್ಷ

ಸಂಶೋಧನಾ ಪ್ರಸ್ತಾವಗಳನ್ನು ಪರಿಶೀಲಿಸುವ ಎಥಿಕ್ಸ್ ಕಮಿಟಿಗಳಲ್ಲಿ ಕುಳಿತವರಿಗೆಲ್ಲ ಪರಿಚಿತವಾದ ಒಂದು ವಾದವಿದೆ. ಬಡ ರೋಗಿಗಳ ಮೇಲೆ ನಡೆಯಲಿರುವ ಅಧ್ಯಯನದಲ್ಲಿ ಅವರಿಗೆ ಪೂರ್ಣ ಚಿಕಿತ್ಸೆ ಏಕಿಲ್ಲ ಎಂದು ಕೇಳಿದರೆ, ಅಧ್ಯಯನ ನಡೆಯದಿದ್ದರೂ ಅವರಿಗೆ ಅದು ಹೇಗೂ ಸಿಗುತ್ತಿರಲಿಲ್ಲ, ನಮ್ಮಿಂದ ಉಚಿತ ತಪಾಸಣೆಯಾದರೂ ಆಗುತ್ತದೆ ಎಂಬ ಉತ್ತರ ಬರುತ್ತದೆ. ಹಾಗೆ ಹೇಳುವವರಲ್ಲಿ ಹೆಚ್ಚಿನವರು ಕೆಟ್ಟ ಉದ್ದೇಶದವರಲ್ಲ. ಆದರೂ ಚರ್ಮ ಮತ್ತು ಲೈಂಗಿಕ ರೋಗಗಳ ವೈದ್ಯನಾದ ನನಗೆ ಆ ಮಾತು ಕೇಳಿದಾಗಲೆಲ್ಲ ಅಮೆರಿಕದ ಅಲಬಾಮಾ ರಾಜ್ಯದ ಮೇಕನ್ ಕೌಂಟಿ ನೆನಪಾಗುತ್ತದೆ. ನಮ್ಮ ವೃತ್ತಿಯ ಇತಿಹಾಸದ ಅತಿ ದೀರ್ಘ ಅನ್ಯಾಯಗಳಲ್ಲಿ ಒಂದು ಅಲ್ಲಿ ಇದೇ ವಾದದಿಂದ ಆರಂಭವಾಯಿತು.

1920ರ ದಶಕದ ಕೊನೆಯಲ್ಲಿ ಜೂಲಿಯಸ್ ರೋಸನ್‌ವಾಲ್ಡ್ ನಿಧಿ ಎಂಬ ದತ್ತಿ ಸಂಸ್ಥೆಯ ನೆರವಿನಿಂದ ಅಮೆರಿಕದ ದಕ್ಷಿಣ ರಾಜ್ಯಗಳ ಕೆಲವು ಕೌಂಟಿಗಳಲ್ಲಿ ಕಪ್ಪು ಜನರಿಗೆ, ಲೈಂಗಿಕ ಸಂಪರ್ಕದಿಂದ ಹರಡುವ ಸಿಫಿಲಿಸ್ ರೋಗದ ಪರೀಕ್ಷೆ ಮತ್ತು ಚಿಕಿತ್ಸೆಯ ಕಾರ್ಯಕ್ರಮವೊಂದು ನಡೆಯಿತು. ಮೇಕನ್ ಕೌಂಟಿಯಲ್ಲಿ ಪರೀಕ್ಷೆಗೆ ಒಳಗಾದವರ ಪೈಕಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಜನರಲ್ಲಿ ಸೋಂಕು ಕಂಡುಬಂದಿತು. ಅಷ್ಟರಲ್ಲಿ ಆರ್ಥಿಕ ಮಹಾಕುಸಿತ ಎರಗಿ, ಹಣ ನಿಂತು, ಚಿಕಿತ್ಸೆಯೂ ನಿಂತಿತು. ಆಗ ಸರ್ಕಾರಿ ಸಾರ್ವಜನಿಕ ಆರೋಗ್ಯ ಸೇವೆಯ ಅಧಿಕಾರಿ ಟಾಲಿಯಾಫೆರೋ ಕ್ಲಾರ್ಕ್ ಅವರಿಗೆ ಹೊಳೆದದ್ದು ಆ ಜನರಿಗೆ ಔಷಧವನ್ನು ಮತ್ತೆ ತಲುಪಿಸುವ ದಾರಿಯಲ್ಲ. ಚಿಕಿತ್ಸೆ ಇಲ್ಲದೆ ಉಳಿದ ಇಷ್ಟು ಜನ ಒಂದೇ ಕಡೆ ಸಿಕ್ಕಿರುವುದರಿಂದ ರೋಗ ತನ್ನಷ್ಟಕ್ಕೆ ಹೇಗೆ ಮುಂದುವರಿಯುತ್ತದೆ ಎಂಬುದನ್ನು ನೋಡಬಹುದೆಂಬ ಯೋಚನೆ. 1932ರಲ್ಲಿ, ಅದೇ ಕೌಂಟಿಯಲ್ಲಿದ್ದ ಕಪ್ಪು ಜನರ ಶಿಕ್ಷಣ ಸಂಸ್ಥೆಯಾದ ಟಸ್ಕೀಗಿ ಸಂಸ್ಥೆಯ ಸಹಕಾರದೊಂದಿಗೆ ಅಧ್ಯಯನ ಶುರುವಾಯಿತು. ಸುಮಾರು 600 ಕಪ್ಪು ಗಂಡಸರನ್ನು ಆರಿಸಲಾಯಿತು. ಅವರಲ್ಲಿ 399 ಜನರಿಗೆ ಸಿಫಿಲಿಸ್ ಇತ್ತು, ಹೋಲಿಕೆಗೆಂದು ಸೇರಿಸಿದ 201 ಜನರಿಗೆ ಇರಲಿಲ್ಲ. ಕೆಲವು ತಿಂಗಳಲ್ಲಿ ಮುಗಿಯಬೇಕಿದ್ದ ಕೆಲಸವನ್ನು ಕ್ಲಾರ್ಕ್ ನಂತರ ಬಂದ ರೇಮಂಡ್ ವಾಂಡರ್ಲೇರ್, ಆ ಗಂಡಸರು ಸಾಯುವವರೆಗೂ ನಡೆಸಲು ನಿರ್ಧರಿಸಿದರು.

ಈ ಪ್ರಕರಣದ ಬಗ್ಗೆ ಎರಡು ತಪ್ಪು ತಿಳಿವಳಿಕೆಗಳಿವೆ. ಮೊದಲನೆಯದು, ಸರ್ಕಾರ ಅವರಿಗೆ ಸೋಂಕನ್ನು ಚುಚ್ಚಿ ಹಾಕಿತು ಎಂಬುದು. ಟಸ್ಕೀಗಿಯಲ್ಲಿ ಹಾಗಾಗಲಿಲ್ಲ. ಬೇಕೆಂದೇ ಸೋಂಕು ತಗುಲಿಸಿದ್ದು ಅದೇ ಆರೋಗ್ಯ ಸೇವೆ 1946ರಿಂದ 1948ರವರೆಗೆ ಗ್ವಾಟೆಮಾಲಾದಲ್ಲಿ ಕೈದಿಗಳು, ಸೈನಿಕರು ಮತ್ತು ಮಾನಸಿಕ ರೋಗಿಗಳ ಮೇಲೆ ನಡೆಸಿದ ಪ್ರಯೋಗದಲ್ಲಿ. ಅದು ಲೋಕಕ್ಕೆ ತಿಳಿದದ್ದು 2010ರಲ್ಲಿ. ಎರಡನೆಯದು ಹೆಚ್ಚು ಅಪಾಯಕಾರಿ. 1932ರಲ್ಲಿ ಈ ರೋಗಕ್ಕೆ ಮದ್ದೇ ಇರಲಿಲ್ಲ, ಆದ್ದರಿಂದ ತಪ್ಪು ನಡೆದದ್ದು ಪೆನಿಸಿಲಿನ್ ಬಂದ ಮೇಲೆ ಮಾತ್ರ ಎಂದು ಪಾಠ ಹೇಳುವವರೂ ನಂಬಿರುತ್ತಾರೆ. ಆಗಲೂ ಆರ್ಸೆನಿಕ್ ಸಂಯುಕ್ತದ ಚುಚ್ಚುಮದ್ದು ಮತ್ತು ಬಿಸ್ಮತ್ ಎಂಬ ಲೋಹದ ಔಷಧ ಬಳಕೆಯಲ್ಲಿದ್ದವು. ತಿಂಗಳುಗಟ್ಟಲೆ ಹಿಡಿಯುವ, ತೊಂದರೆದಾಯಕವಾದ ಚಿಕಿತ್ಸೆಯಾದರೂ ಅದನ್ನೇ ವೈದ್ಯಲೋಕ ಶಿಫಾರಸು ಮಾಡುತ್ತಿತ್ತು. ಅದನ್ನು ಕೊಡದೆ ಬಿಟ್ಟ ಮೊದಲ ದಿನದಿಂದಲೇ ಅದು ತಪ್ಪು.

ವರ್ಣಭೇದ ಇಲ್ಲಿ ವೈದ್ಯರ ವರ್ತನೆಯಲ್ಲಷ್ಟೇ ಇರಲಿಲ್ಲ, ಸಂಶೋಧನೆಯ ಪ್ರಶ್ನೆಯಲ್ಲೇ ಇತ್ತು. ಚಿಕಿತ್ಸೆ ಪಡೆಯದ ಬಿಳಿಯ ರೋಗಿಗಳ ಗತಿ ಏನಾಯಿತು ಎಂಬ ನಾರ್ವೆಯ ಆಸ್ಲೋ ನಗರದ ವರದಿ 1929ರಲ್ಲೇ ಪ್ರಕಟವಾಗಿತ್ತು. ಹಾಗಿದ್ದೂ ಮತ್ತೊಮ್ಮೆ ಏಕೆ? ಬಿಳಿಯರಲ್ಲಿ ಸಿಫಿಲಿಸ್ ಮಿದುಳು ಮತ್ತು ನರಗಳನ್ನು ಕೆಡಿಸುತ್ತದೆ, ಕಪ್ಪು ಜನರಲ್ಲಿ ಹೃದಯ ಮತ್ತು ರಕ್ತನಾಳಗಳನ್ನು ಕೆಡಿಸುತ್ತದೆ, ಅವರದು ಬೇರೆಯೇ ರೋಗವಿದ್ದಂತೆ ಎಂಬ ನಂಬಿಕೆ ಅಂದಿನ ಹೆಸರಾಂತ ತಜ್ಞರಲ್ಲಿಯೂ ಇತ್ತು. ಜೊತೆಗೆ, ಈ ಜನ ಚಿಕಿತ್ಸೆಗೆ ತಾವಾಗಿಯೇ ಬರುವವರಲ್ಲ ಎಂಬ ಪೂರ್ವಗ್ರಹವೂ ಸೇರಿತ್ತು. ಆದರೆ ರೋಸನ್‌ವಾಲ್ಡ್ ಕಾರ್ಯಕ್ರಮದಲ್ಲಿ ಚಿಕಿತ್ಸೆ ಸಿಗುತ್ತದೆಂದಾಗ ಅದೇ ಕೌಂಟಿಯ ಜನ ಗುಂಪುಗುಂಪಾಗಿ ಬಂದದ್ದು ಇವರಿಗೆ ಗೊತ್ತಿತ್ತು.

ಆ ಗಂಡಸರಲ್ಲಿ ಹೆಚ್ಚಿನವರು ಬೇರೆಯವರ ಹೊಲದಲ್ಲಿ ಬೆಳೆಯ ಪಾಲಿಗೆ ಹತ್ತಿ ಬೆಳೆಯುತ್ತಿದ್ದವರು. ನಿಮ್ಮ ರಕ್ತ ಕೆಟ್ಟಿದೆ ಎಂದಷ್ಟೇ ಅವರಿಗೆ ಹೇಳಲಾಯಿತು. ರೋಗದ ಹೆಸರನ್ನಾಗಲಿ, ಅದು ಹೆಂಡತಿಗೆ ಹರಡುತ್ತದೆ ಎಂಬುದನ್ನಾಗಲಿ ತಿಳಿಸಲಿಲ್ಲ. ಕೊಟ್ಟದ್ದು ಆಸ್ಪಿರಿನ್ ಮತ್ತು ಕಬ್ಬಿಣದ ಟಾನಿಕ್. ಆರಂಭದಲ್ಲಿ ಕೆಲವರಿಗೆ, ಗುಣವಾಗಲು ಸಾಲದಷ್ಟು ನಿಜವಾದ ಔಷಧ. ಬೆನ್ನಿನಿಂದ ನೀರು ತೆಗೆಯುವ ಪರೀಕ್ಷೆಯನ್ನು ವಿಶೇಷ ಉಚಿತ ಚಿಕಿತ್ಸೆಯೆಂದು ಪತ್ರ ಬರೆದು ಕರೆಸಿದರು. ಅವರನ್ನು ಕೊನೆಯವರೆಗೂ ಹಿಡಿದಿಟ್ಟದ್ದು ಶವಸಂಸ್ಕಾರದ ಖರ್ಚಿನ ಭರವಸೆ. ಮರಣೋತ್ತರ ಪರೀಕ್ಷೆಗೆ ಕುಟುಂಬ ಒಪ್ಪಿದರೆ ಮಿಲ್ಬ್ಯಾಂಕ್ ಸ್ಮಾರಕ ನಿಧಿಯಿಂದ 50 ಡಾಲರ್ ಸಿಗುತ್ತಿತ್ತು. ಗೌರವದಿಂದ ಮಣ್ಣಾಗಬೇಕೆಂಬುದು ಬಡವನ ದೊಡ್ಡ ಆಸೆ. ಆ ಆಸೆಗೆ ಬೆಲೆ ಕಟ್ಟಿ ದೇಹವನ್ನು ಕೊಂಡುಕೊಂಡದ್ದನ್ನು ಓದುವಾಗ ನನಗೆ ಇಂದಿಗೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಮನೆ ಮನೆಗೆ ಹೋಗಿ ಅವರನ್ನು ಕರೆತರುತ್ತಿದ್ದ ನರ್ಸ್ ಯೂನಿಸ್ ರಿವರ್ಸ್ ಕೂಡ ಕಪ್ಪು ಮಹಿಳೆಯೇ. ಅವರ ಮೇಲೆ ಜನರಿಗಿದ್ದ ವಿಶ್ವಾಸ ನಿಜವಾದದ್ದಾಗಿತ್ತು, ಆ ವಿಶ್ವಾಸವಿಲ್ಲದೆ ಅಧ್ಯಯನ ಒಂದು ವರ್ಷವೂ ನಡೆಯುತ್ತಿರಲಿಲ್ಲ.

1940ರ ದಶಕದ ಕೊನೆಯ ಹೊತ್ತಿಗೆ ಪೆನಿಸಿಲಿನ್ ಸಿಫಿಲಿಸ್‌ನ ಸಾಮಾನ್ಯ ಚಿಕಿತ್ಸೆಯಾಗಿತ್ತು. ಯುದ್ಧಕಾಲದಲ್ಲಿ ಸೈನ್ಯಕ್ಕೆ ಕರೆ ಬಂದವರಿಗೆ ಚಿಕಿತ್ಸೆ ಕಡ್ಡಾಯವಾಗಿದ್ದಾಗ, ಈ ಗಂಡಸರ ಹೆಸರಿನ ಪಟ್ಟಿಯನ್ನು ಸೈನ್ಯ ಭರ್ತಿ ಮಂಡಳಿಗೆ ಕೊಟ್ಟು ಅವರನ್ನು ಆ ಚಿಕಿತ್ಸೆಯಿಂದ ಹೊರಗಿಡಲಾಯಿತು. ಇವರಿಗೆ ಚಿಕಿತ್ಸೆ ಕೊಡಬಾರದೆಂದು ಸ್ಥಳೀಯ ವೈದ್ಯರಿಗೂ ಪಟ್ಟಿ ಹೋಗಿತ್ತು. ಕೆಲವರು ಬೇರೆ ಊರುಗಳಲ್ಲಿ ಆಕಸ್ಮಿಕವಾಗಿ ಔಷಧ ಪಡೆದರು. ಉಳಿದವರಲ್ಲಿ ಹಲವರು ಸತ್ತರು, ಹೆಂಡತಿಯರಿಗೆ ಸೋಂಕು ತಗುಲಿತು, ಮಕ್ಕಳು ಹುಟ್ಟುವಾಗಲೇ ರೋಗ ಹೊತ್ತು ಬಂದರು. ಚಿಕಿತ್ಸೆ ಹೇಗೂ ಸಿಗುತ್ತಿರಲಿಲ್ಲ ಎಂದು ಆರಂಭವಾದ ಅಧ್ಯಯನ, ಚಿಕಿತ್ಸೆ ಸಿಗದಂತೆ ಕಾವಲು ಕಾಯುವಲ್ಲಿಗೆ ಬಂದು ನಿಂತಿತ್ತು.

ಇದೆಲ್ಲ ಗುಟ್ಟಾಗಿ ನಡೆಯಲಿಲ್ಲ ಎಂಬುದನ್ನು ವೈದ್ಯರು ವಿಶೇಷವಾಗಿ ಗಮನಿಸಬೇಕು. 1936ರಿಂದ ಹತ್ತಕ್ಕೂ ಹೆಚ್ಚು ಲೇಖನಗಳು ವೈದ್ಯಕೀಯ ಪತ್ರಿಕೆಗಳಲ್ಲಿ ಬಂದವು, ಸಂಪಾದಕರು ಒಪ್ಪಿದರು, ಓದುಗರು ಓದಿದರು. ಈ ನಡುವೆ ಮನುಷ್ಯರ ಮೇಲಿನ ಸಂಶೋಧನೆಗೆ ನೀತಿ ನಿಯಮಗಳನ್ನು ಹಾಕಿದ 1947ರ ನ್ಯೂರೆಂಬರ್ಗ್ ಸಂಹಿತೆಯೂ 1964ರ ಹೆಲ್ಸಿಂಕಿ ಘೋಷಣೆಯೂ ಬಂದಿದ್ದವು. 1965ರಲ್ಲಿ ಇರ್ವಿನ್ ಶಾಟ್ಜ್ ಎಂಬ ತರುಣ ವೈದ್ಯರು ಆಕ್ಷೇಪಿಸಿ ಬರೆದ ಪತ್ರಕ್ಕೆ ಉತ್ತರವೇ ಬರಲಿಲ್ಲ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಅದೇ ಆರೋಗ್ಯ ಸೇವೆಯ ನೌಕರರಾಗಿದ್ದ ಪೀಟರ್ ಬಕ್ಸ್ಟನ್ 1966ರಲ್ಲಿಯೂ 1968ರಲ್ಲಿಯೂ ಬರೆದರು. 1969ರಲ್ಲಿ ಸೇರಿದ ತಜ್ಞರ ಸಭೆ ಅಧ್ಯಯನ ಮುಂದುವರಿಯಲಿ ಎಂದಿತು. ಬಕ್ಸ್ಟನ್ ಕೊನೆಗೆ ಪತ್ರಕರ್ತರ ಬಳಿ ಹೋದರು. 1972ರ ಜುಲೈನಲ್ಲಿ ಅಸೋಸಿಯೇಟೆಡ್ ಪ್ರೆಸ್‌ನ ಜೀನ್ ಹೆಲ್ಲರ್ ಅವರ ವರದಿ ಪ್ರಕಟವಾಯಿತು, ಅದೇ ವರ್ಷ ಅಧ್ಯಯನ ನಿಂತಿತು. ವಕೀಲ ಫ್ರೆಡ್ ಗ್ರೇ ಹೂಡಿದ ದಾವೆ 1974ರಲ್ಲಿ ಒಂದು ಕೋಟಿ ಡಾಲರ್ ಪರಿಹಾರದಲ್ಲಿ ಇತ್ಯರ್ಥವಾಯಿತು. ಅಮೆರಿಕದಲ್ಲಿ ಇಂಥ ಸಂಶೋಧನೆಯ ನೀತಿ ತತ್ತ್ವಗಳನ್ನು ರೂಪಿಸಿದ 1979ರ ಬೆಲ್ಮಾಂಟ್ ವರದಿ ಈ ಪ್ರಕರಣದ ಫಲ. ಅಮೆರಿಕದ ಅಧ್ಯಕ್ಷರ ಕ್ಷಮಾಯಾಚನೆಗೆ 1997ರವರೆಗೆ ಕಾಯಬೇಕಾಯಿತು.

ಭಾರತದಲ್ಲಿ ವೈದ್ಯಕೀಯ ಸಂಶೋಧನಾ ಮಂಡಳಿಯ ಮೊದಲ ನೀತಿ ಹೇಳಿಕೆ 1980ರದು. ಈಗ 2017ರ ಮಾರ್ಗಸೂಚಿಯೂ 2019ರ ಔಷಧ ಪ್ರಯೋಗ ನಿಯಮಗಳೂ ಇವೆ. ಇಲ್ಲಿ ಬಣ್ಣದ ಜಾಗದಲ್ಲಿ ಜಾತಿ, ಬುಡಕಟ್ಟು ಮತ್ತು ಬಡತನಗಳು ನಿಲ್ಲುತ್ತವೆ. 2009–10ರಲ್ಲಿ ಅಂದಿನ ಆಂಧ್ರಪ್ರದೇಶದ ಖಮ್ಮಂ ಜಿಲ್ಲೆಯಲ್ಲಿ ಗರ್ಭಕಂಠದ ಕ್ಯಾನ್ಸರ್ ತಡೆಯುವ ಎಚ್‌ಪಿವಿ ಲಸಿಕೆಯ ಅಧ್ಯಯನ ನಡೆದಾಗ, ಹಾಸ್ಟೆಲುಗಳಲ್ಲಿದ್ದ ಬುಡಕಟ್ಟು ಹುಡುಗಿಯರ ಪರವಾಗಿ ಹೆತ್ತವರ ಬದಲು ವಾರ್ಡನ್‌ಗಳು ಒಪ್ಪಿಗೆ ಪತ್ರಗಳಿಗೆ ಸಹಿ ಹಾಕಿದ್ದರು. ಆ ಲಸಿಕೆ ಉಪಯುಕ್ತವಾದದ್ದು, ಅದನ್ನು ನಾನೂ ಶಿಫಾರಸು ಮಾಡುತ್ತೇನೆ. ಆದರೆ ಲಸಿಕೆ ಒಳ್ಳೆಯದೆಂಬ ಕಾರಣಕ್ಕೆ ಆ ಸಹಿಗಳು ಸರಿಯಾಗುವುದಿಲ್ಲ.

ಆದ್ದರಿಂದ ಪ್ರಸ್ತಾವವೊಂದು ಸಮಿತಿಯ ಮುಂದೆ ಬಂದಾಗ ನಾನು ಒಪ್ಪಿಗೆ ಪತ್ರಕ್ಕಿಂತ ಮೊದಲು ನೋಡುವುದು ಬೇರೆಯದನ್ನು. ಈ ಜನರನ್ನೇ ಆರಿಸಿದ್ದು ರೋಗ ಅವರಲ್ಲಿ ಹೆಚ್ಚೆಂಬ ಕಾರಣಕ್ಕೋ, ಅವರು ಪ್ರಶ್ನೆ ಕೇಳುವುದಿಲ್ಲವೆಂಬ ಕಾರಣಕ್ಕೋ? ತಪಾಸಣೆಯಲ್ಲಿ ರೋಗ ಸಿಕ್ಕರೆ ಯಾವ ಆಸ್ಪತ್ರೆಯಲ್ಲಿ, ಯಾರ ಖರ್ಚಿನಲ್ಲಿ ಚಿಕಿತ್ಸೆ? ಅಧ್ಯಯನದ ನಡುವೆ ಹೊಸ ಔಷಧ ಬಂದರೆ ಅದನ್ನು ಅವರಿಗೆ ತಿಳಿಸುವವರು ಯಾರು? ಇವಕ್ಕೆ ಉತ್ತರ ಪ್ರಸ್ತಾವದಲ್ಲಿ ಬರೆದಿರಬೇಕು. ಬಾಯಿಮಾತಿನ ಭರವಸೆಯನ್ನು ನಾನು ಉತ್ತರವೆಂದು ಪರಿಗಣಿಸುವುದಿಲ್ಲ. ಸಮಿತಿಯಲ್ಲಿ ವೈದ್ಯರಲ್ಲದ ಸದಸ್ಯರೊಬ್ಬರು ಇರಲೇಬೇಕೆಂಬ ನಿಯಮವಿದೆಯಾದರೂ ಅವರು ಬಹುಪಾಲು ಮೌನವಾಗಿರುತ್ತಾರೆ. ಚರ್ಚೆಯಲ್ಲಿ ಮೊದಲ ಮಾತು ಅವರದಾಗಲಿ, ಕನ್ನಡದ ಮಾಹಿತಿ ಪತ್ರ ಅವರಿಗೆ ಅರ್ಥವಾಗದಿದ್ದರೆ ಪ್ರಸ್ತಾವ ಅಲ್ಲಿಂದಲೇ ಹಿಂದಿರುಗಲಿ ಎಂದು ನಾನು ಒತ್ತಾಯಿಸುತ್ತಲೇ ಇದ್ದೇನೆ.