ಕಾರ್ಡ್‌ಲೆಸ್ ಫೋನ್: ಸ್ವಿಚ್ ಆಫ್ ಮಾಡಿದರೆ ಸಾಲದು

ಏಪ್ರಿಲ್, ಮೇ ಬಂತೆಂದರೆ ನಮ್ಮ ತೀರ್ಥಹಳ್ಳಿ ಕಡೆ ಮಧ್ಯಾಹ್ನದ ಮೇಲೆ ಗುಡುಗು ಸಿಡಿಲು ಶುರು, ಅದರ ಹಿಂದೆಯೇ ರಿಪೇರಿ ಟೇಬಲ್ ಮೇಲೆ ಸುಟ್ಟ ಕಾರ್ಡ್‌ಲೆಸ್ ಫೋನುಗಳು. ತಂದವರಲ್ಲಿ ಹೆಚ್ಚಿನವರು ಹೇಳುವುದು ಒಂದೇ: "ಸ್ವಿಚ್ ಆಫ್ ಮಾಡಿದ್ವಲ್ಲ ಮಾರಾಯ್ರೆ, ಆದ್ರೂ ಹೋಯ್ತು!"

ಹೋಗಿಯೇ ಹೋಗುತ್ತದೆ. ಸ್ವಿಚ್ಚಿನ ಒಳಗೆ ಇರುವ ಸಂದು ಕೆಲವೇ ಮಿಲಿಮೀಟರ್. ಸಿಡಿಲಿನ ವೋಲ್ಟೇಜಿಗೆ ಅದು ಲೆಕ್ಕಕ್ಕೇ ಇಲ್ಲ. ಅದೂ ಅಲ್ಲದೆ ಬೇಸ್‌ಗೆ, ಅಂದರೆ ಹ್ಯಾಂಡ್‌ಸೆಟ್ ಕೂರಿಸುವ ಡಬ್ಬಿಗೆ, ಸಿಡಿಲಿನ ಹೊಡೆತ ಬರುವ ದಾರಿ ಎರಡು, ಒಂದು ಅಡಾಪ್ಟರ್, ಇನ್ನೊಂದು ಟೆಲಿಫೋನ್ ಲೈನು. ಗುಡ್ಡ, ತೋಟ, ಮರ ದಾಟಿ ಮೈಲಿಗಟ್ಟಲೆ ಬರುವ ತಾಮ್ರದ ತಂತಿ ಅದು. ದೂರದಲ್ಲೆಲ್ಲೋ ಸಿಡಿಲು ಬಡಿದರೂ ಅದರ ಹೊಡೆತ ಮನೆಯೊಳಗೆ ಬರಬಹುದು. ಹಾಗಾಗಿ ಅಡಾಪ್ಟರನ್ನು ಪ್ಲಗ್ಗಿನಿಂದಲೇ ಕೀಳಿ, ಲೈನಿನ ವೈರನ್ನೂ ಬೇಸಿನಿಂದ ತೆಗೆದು ದೂರ ಇಡಿ. ಮೋಡ ಕಟ್ಟುವಾಗಲೇ ಈ ಕೆಲಸ ಆಗಬೇಕು. ತಲೆ ಮೇಲೆ ಗುಡುಗುತ್ತಿರುವಾಗ ಓಡಿಹೋಗಿ ವೈರಿಗೆ ಕೈ ಹಾಕಬೇಡಿ, ಸೆಟ್ ಹೋದರೆ ಹೋಗಲಿ. ಕೊನೆಯ ಗುಡುಗು ಕೇಳಿ ಅರ್ಧ ಗಂಟೆ ಆದ ಮೇಲೆ ಮತ್ತೆ ಸಿಕ್ಕಿಸಿ. ಫೈಬರ್ ಲೈನ್ ಇದ್ದವರಿಗೂ ಕರೆಂಟಿನ ದಾರಿಯಿಂದ ಅಪಾಯ ಇದ್ದೇ ಇದೆ, ಅವರು ಮೋಡೆಮ್ಮಿನ ಅಡಾಪ್ಟರನ್ನೂ ಕೀಳಬೇಕು.

ಇನ್ನು ಬ್ಯಾಟರಿ. "ಚಾರ್ಜ್ ಫುಲ್ ತೋರಿಸುತ್ತೆ, ಎರಡು ಮಾತಾಡೋದ್ರೊಳಗೆ ಟೊಂಯ್ ಟೊಂಯ್ ಅಂತ ಕಟ್ ಆಗುತ್ತೆ" ಅಂದರೆ ಸಾಮಾನ್ಯವಾಗಿ ಸೆಟ್ ಕೆಟ್ಟಿಲ್ಲ, ಬ್ಯಾಟರಿ ಮುಗಿದಿದೆ. ಈಗಿನ ಬಹಳಷ್ಟು ಹ್ಯಾಂಡ್‌ಸೆಟ್‌ಗಳಲ್ಲಿ ಇರುವುದು 1.2 ವೋಲ್ಟಿನ ಎರಡು ಸಣ್ಣ ರೀಚಾರ್ಜಬಲ್ ಸೆಲ್, ನಿಕಲ್ ಮೆಟಲ್ ಹೈಡ್ರೈಡ್ ಜಾತಿಯವು. ನೋಡಲಿಕ್ಕೆ ಟಿವಿ ರಿಮೋಟಿನ ಸೆಲ್ಲಿನಂತೆಯೇ ಇರುತ್ತವೆ, ತೊಂದರೆ ಆಗುವುದು ಅಲ್ಲೇ. ಅಂಗಡಿಯಿಂದ 1.5 ವೋಲ್ಟಿನ ರಿಮೋಟ್ ಸೆಲ್ ತಂದು ಹಾಕುತ್ತಾರೆ, ಫೋನ್ ಸರಿಹೋಯಿತು ಅಂತ ಬೇಸ್ ಮೇಲೆ ಇಡುತ್ತಾರೆ. ಅವು ಚಾರ್ಜ್ ಮಾಡುವ ಸೆಲ್ ಅಲ್ಲ. ಬಿಸಿಯಾಗಿ ಸೋರುತ್ತವೆ, ಕೆಲವೊಮ್ಮೆ ಒಡೆಯುತ್ತವೆ. ಮುಚ್ಚಳ ತೆಗೆದರೆ ಸ್ಪ್ರಿಂಗಿನ ಸುತ್ತ ಬಿಳಿ ಪುಡಿ, ಹಸಿರು ಕಿಲುಬು. ಹೊಸ ಸೆಲ್ ಹಾಕುವಾಗ ಹಳೆಯದರ ಮೇಲೆ ಬರೆದದ್ದು ನೋಡಿ ಅದೇ ಜಾತಿಯದ್ದು ತನ್ನಿ, ಎರಡನ್ನೂ ಒಟ್ಟಿಗೇ ಬದಲಿಸಿ, ಮೊದಲ ಸಲ ರಾತ್ರಿಯಿಡೀ ಚಾರ್ಜಿಗೆ ಬಿಡಿ.

ಅಡಾಪ್ಟರ್ ವಿಷಯವೂ ಹಾಗೇ. ಪಿನ್ ಕೂತಿತು ಅಂತ ಸುಮ್ನೆ ಯಾವುದೋ ಅಡಾಪ್ಟರ್ ಹಾಕಬಾರದು, ವೋಲ್ಟೇಜೂ ಪ್ಲಸ್ ಮೈನಸ್ಸೂ ಸೆಟ್ಟಿನದ್ದಕ್ಕೆ ಸರಿ ಹೊಂದಬೇಕು.

ಮಳೆಗಾಲದ ಥಂಡಿಗೆ ಚಾರ್ಜಿಂಗ್ ಪಿನ್ನುಗಳು ಬೇಗ ಕಪ್ಪಾಗುತ್ತವೆ. ಆಗಾಗ ಅಡಾಪ್ಟರ್ ಕಿತ್ತು ಒಣ ಬಟ್ಟೆಯಲ್ಲಿ ಒರೆಸಿ, ಕಪ್ಪು ಹೋಗದಿದ್ದರೆ ಪೆನ್ಸಿಲ್ ರಬ್ಬರಿನಲ್ಲಿ ಮೆತ್ತಗೆ ಉಜ್ಜಿ. ಬೇಸನ್ನು ಬಚ್ಚಲುಮನೆ ಗೋಡೆಗೆ ತಾಗಿಸಿ ಇಡಬೇಡಿ, ಕಬ್ಬಿಣದ ಬೀರುವಿನ ಪಕ್ಕವೂ ಬೇಡ. ಹಳೆಯ ಮನೆಗಳ ದಪ್ಪ ಗೋಡೆ ಸಿಗ್ನಲ್ಲನ್ನು ತುಂಬಾ ತಿನ್ನುತ್ತದೆ. ಡಬ್ಬಿ ಮೇಲೆ 300 ಮೀಟರ್ ಅಂತ ಬರೆದಿದ್ದರೆ ಅದು ಬಯಲಿನ ಲೆಕ್ಕ, ಮನೆಯೊಳಗೆ 50 ಮೀಟರ್ ಸಿಕ್ಕರೆ ಜಾಸ್ತಿ. ಅಡಿಕೆ ತೋಟದ ತನಕ ಬರಲಿಲ್ಲ ಅಂತ ಸೆಟ್ಟಿಗೆ ಬೈದು ಪ್ರಯೋಜನವಿಲ್ಲ. 2.4 ಗಿಗಾಹರ್ಟ್ಸ್ ಸೆಟ್ ಆದರೆ ವೈಫೈ ಡಬ್ಬಿಯಿಂದಲೂ ದೂರ ಇಡಿ, ಇಲ್ಲದಿದ್ದರೆ ಗೊರಗೊರ ತಪ್ಪುವುದಿಲ್ಲ.

ಮೊಬೈಲ್ ಸಿಗ್ನಲ್ ಸಿಗದ ಮನೆಗಳಿಗೆ ನನ್ನದೊಂದು ಒತ್ತಾಯ ಇದೆ. ಕಾರ್ಡ್‌ಲೆಸ್ ಇರಲಿ, ಜೊತೆಗೆ ಒಂದು ಮಾಮೂಲಿ ವೈರಿನ ಫೋನೂ ಇರಲಿ. ಕರೆಂಟ್ ಹೋದ ತಕ್ಷಣ ಬೇಸ್ ಸಾಯುತ್ತದೆ, ಹ್ಯಾಂಡ್‌ಸೆಟ್ಟಿನಲ್ಲಿ ಎಷ್ಟು ಚಾರ್ಜ್ ಇದ್ದರೂ ಉಪಯೋಗವಿಲ್ಲ. ತಾಮ್ರದ ಲೈನಿನ ವೈರ್ ಫೋನಿಗಾದರೆ ಎಕ್ಸ್‌ಚೇಂಜಿನಿಂದಲೇ ಸುಮಾರು 48 ವೋಲ್ಟ್ ಬರುತ್ತದೆ, ಮನೆ ಕತ್ತಲಾದರೂ 112ಕ್ಕೆ ಕರೆ ಹೋಗುತ್ತದೆ. ಗುಡುಗುವಾಗ ಮಾತ್ರ ಅದನ್ನು ಕಿವಿಗಿಡಬೇಡಿ. ಫೈಬರ್ ಆದರೆ ವೈರ್ ಫೋನಿದ್ದೂ ಮೋಡೆಮ್ಮಿಗೆ ಕರೆಂಟ್ ಬೇಕು. ಆದ್ದರಿಂದ ಮೋಡೆಮ್, ಬೇಸ್ ಎರಡನ್ನೂ ಇನ್ವರ್ಟರ್ ಲೈನಿಗೆ ಹಾಕಿಸಿ. ವಯಸ್ಸಾದವರು ಇಬ್ಬರೇ ಇರುವ ಮನೆಗಳಲ್ಲಂತೂ ಇದನ್ನು ಮುಂದೂಡಬೇಡಿ.

ಮುಗಿದ ಸೆಲ್ಲುಗಳನ್ನು ಬಚ್ಚಲ ಒಲೆಗೆ ಎಸೆಯುವ ಅಭ್ಯಾಸ ಕೆಲವು ಮನೆಗಳಲ್ಲಿದೆ. ದಯವಿಟ್ಟು ಬೇಡ, ಬೆಂಕಿಯಲ್ಲಿ ಅವು ಸಿಡಿಯುತ್ತವೆ. ಎರಡು ತುದಿಗೂ ಟೇಪ್ ಸುತ್ತಿ ಒಂದು ಡಬ್ಬಿಯಲ್ಲಿ ಹಾಕಿಡಿ, ಪೇಟೆಗೆ ಬರುವಾಗ ಇ-ತ್ಯಾಜ್ಯ ತಗೊಳ್ಳುವವರಿಗೆ ಕೊಡಿ.