ಮೊದಲು ಗುಂಡು ಹಾರಿಸಿ, ಆಮೇಲೆ ಅರ ಹಿಡಿಯಿರಿ

ಸಿಂಗಲ್ ಆಕ್ಷನ್ ರಿವಾಲ್ವರ್ ಕೊಂಡವರು ನನ್ನ ಬಳಿ ಬಂದು ಕೇಳುವುದು ಹೆಚ್ಚಾಗಿ ಎರಡೇ: ಟ್ರಿಗರ್ ಹಗುರ ಮಾಡಿಕೊಡಿ, ಹಿಡಿ ಬದಲಿಸಿಕೊಡಿ. ಇದರಲ್ಲಿ ಎಷ್ಟು ಗುಂಡು ಹಾರಿಸಿದ್ದೀರಿ ಅಂತ ನಾನು ಕೇಳುತ್ತೇನೆ. ಪೆಟ್ಟಿಗೆಯಿಂದ ತೆಗೆದವರೇ ನೇರ ಇಲ್ಲಿಗೆ ತಂದಿದ್ದರೆ ವಾಪಸ್ ಕಳಿಸುತ್ತೇನೆ. ಯಾವ ಭಾಗಕ್ಕೆ ಕೈ ಹಾಕಬೇಕೆಂದು ಗುರಿಯ ಕಾಗದ ಹೇಳಬೇಕೇ ಹೊರತು ಬೇರೆಯವರ ರಿವಾಲ್ವರಿನ ಫೋಟೊ ಅಲ್ಲ.

ಈ ಬಗೆಯ ರಿವಾಲ್ವರಿನಲ್ಲಿ ಟ್ರಿಗರ್‌ಗೆ ಇರುವುದು ಒಂದೇ ಕೆಲಸ, ಎಳೆದು ನಿಲ್ಲಿಸಿದ ಹ್ಯಾಮರನ್ನು, ಅಂದರೆ ತೋಟಾ ಸಿಡಿಸುವ ಸುತ್ತಿಗೆಯನ್ನು, ಬಿಡುವುದು. ಹ್ಯಾಮರನ್ನು ಪ್ರತಿ ಸಲವೂ ಹೆಬ್ಬೆರಳಿನಿಂದಲೇ ಹಿಂದಕ್ಕೆಳೆಯಬೇಕು. ಆ ಎಳೆತದಲ್ಲೇ ಸಿಲಿಂಡರ್ ಒಂದು ಮನೆ (ತೋಟಾ ಕೂರುವ ರಂಧ್ರ) ಮುಂದೆ ತಿರುಗಿ ಬಿಗಿಯಾಗಿ ಕೂರುತ್ತದೆ. ಅಮೆರಿಕದ ಸೈನ್ಯ 1873ರಲ್ಲಿ ಒಪ್ಪಿಕೊಂಡ ಕೋಲ್ಟ್ ಸಿಂಗಲ್ ಆಕ್ಷನ್ ಆರ್ಮಿಯ ಒಳರಚನೆ ಇದೇ. ಇಟಲಿಯ ಊಬೆರ್ತಿಯಂಥವರು ಇಂದಿಗೂ ಅದರ ಪ್ರತಿರೂಪಗಳನ್ನು ಮಾಡುತ್ತಿದ್ದಾರೆ. ಕೋಲ್ಟ್‌ನ ಹ್ಯಾಮರನ್ನು ನಿಧಾನ ಎಳೆದರೆ ನಾಲ್ಕು ಕ್ಲಿಕ್ ಕೇಳುತ್ತದೆ. ಮೊದಲನೆಯದನ್ನು ‘ಸೇಫ್ಟಿ’ ಎನ್ನುತ್ತಾರೆ, ಆದರೆ ಅದನ್ನು ನಂಬಿ ಆರೂ ಮನೆ ತುಂಬಬಾರದು. ರಿವಾಲ್ವರ್ ಕೈಜಾರಿ ಹ್ಯಾಮರ್ ಮೇಲೆ ಬಿದ್ದರೆ ಹ್ಯಾಮರನ್ನು ಅಲ್ಲಿ ತಡೆದಿಟ್ಟ ತೆಳ್ಳನೆಯ ಕಚ್ಚು ಮುರಿದು ಗುಂಡು ಹಾರಬಹುದು. ಹಾಗಾಗಿ ಐದೇ ತೋಟಾ. ಒಂದು ತುಂಬಿ, ಒಂದು ಮನೆ ಬಿಟ್ಟು, ಮುಂದಿನ ನಾಲ್ಕು ತುಂಬಿ, ಹ್ಯಾಮರನ್ನು ಪೂರ್ತಿ ಎಳೆದು ಮೆಲ್ಲಗೆ ಇಳಿಸಿದರೆ ಅದು ಖಾಲಿ ಮನೆಯ ಮೇಲೇ ಕೂರುತ್ತದೆ. ಅರ್ಧ ಎಳೆದಲ್ಲಿಂದ ಇಳಿಸಬೇಡಿ. ಸಿಲಿಂಡರ್ ಸುತ್ತ ಉಂಗುರದಂತೆ ಗೀರು ಬಿದ್ದ ರಿವಾಲ್ವರುಗಳಲ್ಲಿ ಬಹುಪಾಲು ಹೀಗೇ ಹಾಳಾದವು.

ರೂಗರ್ ಕಂಪನಿ 1955ರಲ್ಲಿ ತಂದ ಬ್ಲ್ಯಾಕ್‌ಹಾಕ್‌ನಲ್ಲಿ ಮುರಿಯುವ ಪಟ್ಟಿ ಸ್ಪ್ರಿಂಗುಗಳ ಜಾಗಕ್ಕೆ ಸುರುಳಿ ಸ್ಪ್ರಿಂಗ್ ಬಂತು. 1973ರ ಹೊಸ ಮಾದರಿಯಲ್ಲಿ ಟ್ರಾನ್ಸ್‌ಫರ್ ಬಾರ್, ಅಂದರೆ ಟ್ರಿಗರ್ ಒತ್ತಿದಾಗ ಮಾತ್ರ ಹ್ಯಾಮರಿನ ಪೆಟ್ಟನ್ನು ದಾಟಿಸುವ ಪಟ್ಟಿ, ಬಂದ ಮೇಲೆ ಆರೂ ಮನೆ ತುಂಬುವುದು ಸುರಕ್ಷಿತವಾಯಿತು. ಅದಕ್ಕೂ ಹಳೆಯ ರೂಗರ್ ನಿಮ್ಮಲ್ಲಿದ್ದರೆ ಐದರ ನಿಯಮವೇ ಅನ್ವಯ. ಇಲ್ಲವೇ ಕಂಪನಿಗೆ ಕಳಿಸಿ. ಉಚಿತವಾಗಿ ಬಾರ್ ಅಳವಡಿಸಿ, ತೆಗೆದ ಹಳೆಯ ಭಾಗಗಳನ್ನೂ ಹಿಂತಿರುಗಿಸುತ್ತಾರೆ.

ಗುಂಡು ಚದುರುತ್ತಿದೆ, ನಳಿಗೆಯೊಳಗೆ ಸೀಸ ಮೆತ್ತುತ್ತಿದೆ ಎಂಬ ದೂರಿಗೆ ನಾನು ಮೊದಲು ನೋಡುವುದು ಸಿಲಿಂಡರಿನ ಗಂಟಲುಗಳನ್ನು. ತೋಟಾ ಕೂರುವ ಮನೆಯ ಮುಂಭಾಗದಲ್ಲಿ, ಗುಂಡು ಹಾದುಹೋಗುವ ಕಿರಿದಾದ ಭಾಗವೇ ಗಂಟಲು. .45 ಕೋಲ್ಟ್ ಎಂಬ ತೋಟಾಗೆ ಎರಕದ ಸೀಸದ ಗುಂಡು ಸಾಮಾನ್ಯವಾಗಿ 0.452 ಇಂಚು. ಗಂಟಲು 0.450 ಇದ್ದರೆ ಗುಂಡು ಅಲ್ಲೇ ಹಿಂಡಿಹೋಗುತ್ತದೆ. ಮುಂದೆ ನಳಿಗೆಯ ಗೆರೆಗಳಿಗೆ ಅದು ತುಂಬಿಕೊಳ್ಳುವುದಿಲ್ಲ, ಬಿಸಿ ಅನಿಲ ಪಕ್ಕದಿಂದ ನುಗ್ಗಿ ಸೀಸವನ್ನು ಕರಗಿಸಿ ಬಳಿಯುತ್ತದೆ. ಪರೀಕ್ಷೆ ಸುಲಭ. ರಿವಾಲ್ವರ್ ಖಾಲಿ ಇದೆಯೆಂದು ಖಚಿತಪಡಿಸಿಕೊಂಡು ಸಿಲಿಂಡರ್ ಹೊರತೆಗೆಯಿರಿ, ಬಿಡಿ ಗುಂಡೊಂದನ್ನು ಮುಂದಿನಿಂದ ಗಂಟಲಿಗೆ ಇಟ್ಟು ಬೆರಳಿನಿಂದ ಒತ್ತಿ. ತುಸು ಒತ್ತಡಕ್ಕೆ ಜಾರಿದರೆ ಸರಿ. ತಾನಾಗಿ ಬಿದ್ದುಹೋದರೆ ಗಂಟಲು ಸಡಿಲ. ಬಡಿಯದೆ ಹೋಗುವುದೇ ಇಲ್ಲವೆಂದರೆ ಬಿಗಿ. ಆರನ್ನೂ ಹೀಗೆ ನೋಡಿ, ಒಂದೇ ಸಿಲಿಂಡರಿನಲ್ಲಿ ಎರಡು ಬಗೆಯ ಗಂಟಲು ಸಿಗುವುದುಂಟು. ಬಿಗಿಯಾದದ್ದನ್ನು ರೀಮರ್ (ರಂಧ್ರ ಹಿಗ್ಗಿಸುವ ಉಪಕರಣ) ಹಾಕಿ ಸಮ ಮಾಡಬಹುದು. ರಿವಾಲ್ವರಿಗೆ ನಾನು ಮಾಡುವ ಕೆಲಸಗಳಲ್ಲಿ ಇಷ್ಟು ಫಲ ಕೊಡುವುದು ಇನ್ನೊಂದಿಲ್ಲ, ಹೊರಗಿಂದ ನೋಡಿದರೆ ಮಾತ್ರ ಏನೂ ಕಾಣುವುದಿಲ್ಲ.

ಟ್ರಿಗರ್ ವಿಷಯದಲ್ಲಿ ನಾನು ಬಿಗಿ. ಹಗುರ ಟ್ರಿಗರ್‌ಗಿಂತ ಕೊಸರಾಟವಿಲ್ಲದೆ ಒಮ್ಮೆಗೇ ಬಿಡುವ ಟ್ರಿಗರ್ ಮುಖ್ಯ. ಕಚ್ಚು ಕೂರುವ ಮುಖದ ಗಡಸು ಪದರ ಹಲವು ರಿವಾಲ್ವರುಗಳಲ್ಲಿ ಬಲು ತೆಳು. ಮನೆಯಲ್ಲಿ ಕಲ್ಲು ಹಿಡಿದು ಅದನ್ನು ಉಜ್ಜಿಬಿಟ್ಟರೆ ಒಳಗಿನ ಮೆತು ಉಕ್ಕು ಬೇಗ ಸವೆದು, ಎಳೆದು ನಿಲ್ಲಿಸಿದ ಹ್ಯಾಮರ್ ತಾನಾಗಿ ಬೀಳುವ ಸ್ಥಿತಿ ಬರುತ್ತದೆ. ಇದು ಪರಿಣತರ ಕೆಲಸ, ಅಲ್ಲಿಗೆ ಬಿಡಿ. ಹ್ಯಾಮರ್ ಸ್ಪ್ರಿಂಗನ್ನು ಅತಿಯಾಗಿ ದುರ್ಬಲಗೊಳಿಸಿದರೂ ಪ್ರೈಮರ್ (ಪೆಟ್ಟಿಗೆ ಸಿಡಿದು ತೋಟಾದ ಮದ್ದು ಹೊತ್ತಿಸುವ ಭಾಗ) ಸಿಡಿಯದೆ ಉಳಿಯುತ್ತದೆ.

ಹಿಡಿಯ ಆಯ್ಕೆ ಕೈಗೆ ಬಿಟ್ಟದ್ದು. ಕೋಲ್ಟ್‌ನ ಬಾಗಿದ ಹಿಡಿ ಗುಂಡಿನ ಒದೆತಕ್ಕೆ ಅಂಗೈಯಲ್ಲಿ ಮೇಲಕ್ಕೆ ಉರುಳುತ್ತದೆ. ಹಾಗೆ ಉರುಳಲು ಬಿಡಿ, ಕಿರುಬೆರಳನ್ನು ಹಿಡಿಯ ಕೆಳಗೆ ಮಡಿಸಿದರೆ ಇನ್ನೂ ಆರಾಮ. ಭಾರಿ ಈಡು ಹಾರಿಸುವವರಿಗೆ ರೂಗರ್‌ನ ಬಿಸ್ಲಿ ಮಾದರಿಯ ಹಿಡಿ ಹೆಚ್ಚು ಒಗ್ಗುತ್ತದೆ. ಈಡಿನ ಮಾತು ಬಂತೆಂದು ಒಂದು ಎಚ್ಚರಿಕೆ: .45 ಕೋಲ್ಟ್‌ನ ನಿಗದಿತ ಗರಿಷ್ಠ ಒತ್ತಡ ಚದರ ಇಂಚಿಗೆ 14,000 ಪೌಂಡ್. ದೊಡ್ಡ ಚೌಕಟ್ಟಿನ ಬ್ಲ್ಯಾಕ್‌ಹಾಕ್‌ಗೆಂದು ಅದಕ್ಕಿಂತ ಬಿರುಸಾದ ತೋಟಾಗಳು ಸಿಗುತ್ತವೆ. ಅವು ಕೋಲ್ಟ್‌ನ ಮನೆಗೂ ಸರಾಗ ಇಳಿಯುತ್ತವೆ, ಅಪಾಯ ಇರುವುದೇ ಅಲ್ಲಿ. ಪೆಟ್ಟಿಗೆಯ ಮೇಲಿನ ಬರಹ ಓದದೆ ತುಂಬಬೇಡಿ.

ಈ ಹ್ಯಾಮರ್ ಭಾರ, ಬೀಳುವ ದೂರವೂ ಹೆಚ್ಚು. ಟ್ರಿಗರ್ ಬಿಟ್ಟು ಗುಂಡು ನಳಿಗೆ ದಾಟುವುದರೊಳಗೆ ಕೈ ಅಲ್ಲಾಡಿದರೆ ಗುರಿ ಹೋಯಿತು. ಹ್ಯಾಮರ್ ಬಿದ್ದ ಮೇಲೂ ಕಣ್ಣು ಮುಂದಿನ ಸೈಟಿನ (ಗುರಿ ಹಿಡಿಯುವ ಮೊನೆಯ) ಮೇಲೇ ಇರಲಿ.

ಸೈಟಿಗೆ ಅರ ಹಿಡಿಯುವುದು ಎಲ್ಲಕ್ಕಿಂತ ಕೊನೆಗೆ. ಸ್ಥಿರ ಸೈಟಿನ ರಿವಾಲ್ವರಿನಲ್ಲಿ ಗುಂಡು ಕೆಳಗೆ ಬೀಳುತ್ತಿದ್ದರೆ ಮುಂದಿನ ಸೈಟನ್ನು ತಗ್ಗಿಸಬೇಕು. ಎಷ್ಟು? ಎರಡು ಸೈಟುಗಳ ನಡುವಿನ ಅಂತರವನ್ನು ಗುಂಡು ತಪ್ಪಿದ ಅಳತೆಯಿಂದ ಗುಣಿಸಿ, ಗುರಿಯ ದೂರದಿಂದ ಭಾಗಿಸಿ. ಸೈಟುಗಳ ನಡುವೆ 165 ಮಿ.ಮೀ. ಇದ್ದು, 25 ಮೀಟರಿನಲ್ಲಿ ಗುಂಡು 10 ಸೆಂ.ಮೀ. ಕೆಳಗೆ ಬಿದ್ದರೆ ತೆಗೆಯಬೇಕಾದದ್ದು 0.66 ಮಿ.ಮೀ. ಮಾತ್ರ. ತೂಕದ ಗುಂಡು ಸಾಮಾನ್ಯವಾಗಿ ಮೇಲೆ ಬೀಳುತ್ತದೆ, ಹಗುರ ಗುಂಡು ಕೆಳಗೆ. ಆದ್ದರಿಂದ ಯಾವ ತೋಟಾ ಬಳಸುತ್ತೀರೆಂದು ಮೊದಲೇ ತೀರ್ಮಾನಿಸಿ. ಒಂದೆರಡು ಎಳೆತ ಉಜ್ಜಿ, ಐದು ಗುಂಡು ಹಾರಿಸಿ ನೋಡಿ, ಮತ್ತೆ ಉಜ್ಜಿ. ಗುಂಡು ಇನ್ನೂ ಎರಡು ಸೆಂ.ಮೀ. ಕೆಳಗಿರುವಾಗಲೇ ನಿಲ್ಲಿಸಿಬಿಡಿ. ಹೊಸ ಹಿಡಿಗೆ ಕೈ ಒಗ್ಗಿದ ಮೇಲೆ ಗುಂಡಿನ ಜಾಗ ತುಸು ಬದಲಾಗುತ್ತದೆ. ಉಳಿದದ್ದನ್ನು ಆಗ ತೆಗೆದರೆ ಸಾಕು.